ಕಲ್ಲು ಹೋದ ದಾರಿ ಹಿಡಿದು: ಮುಚ್ಚಿದ ಕಾರ್ಖಾನೆ ನೋಡುವವರಿಗೆ, ದಾಖಲಿಸುವವರಿಗೆ ಸಮಗ್ರ ಮಾರ್ಗದರ್ಶಿ

ಕಲಬುರಗಿಯ ಆಟೊದವರಿಗೆ ಈಗಲೂ ‘ಎಂಎಸ್‌ಕೆ ಮಿಲ್’ ಅಂದರೆ ಸಾಕು, ವಿಳಾಸ ಬೇಕಿಲ್ಲ. ಅದು ಮಹಬೂಬ್ ಶಾಹಿ ಕಲಬುರಗಿ ಮಿಲ್ಸ್, ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಹೆಸರಿನ ಬಟ್ಟೆ ಗಿರಣಿ. ಗಿರಣಿ ನಿಂತಿತು, ಹೆಸರು ಬಡಾವಣೆಗೆ ಉಳಿಯಿತು. ಬೀದರ್, ಯಾದಗಿರಿ ಜಿಲ್ಲೆಗಳಲ್ಲೂ ಇಂಥ ಜಾಗಗಳಿವೆ: ಬೀಗ ಬಿದ್ದ ದಾಲ್ ಮಿಲ್ಲು, ಹತ್ತಿಯ ಬೀಜ ಬಿಡಿಸುವ ಜಿನ್ನು, ನಿಂತ ಸಕ್ಕರೆ ಕಾರ್ಖಾನೆ. ಸೇಡಂ ತಾಲ್ಲೂಕಿನ ಕುರಕುಂಟಾದಲ್ಲಿ ಸಿಮೆಂಟ್ ಕಾರ್ಪೊರೇಷನ್ ಆಫ್ ಇಂಡಿಯಾದ ಘಟಕವೇ ಮುಚ್ಚಿತು.

ಇವನ್ನು ನೋಡಿ ದಾಖಲಿಸಲು ಉಳಿದಿರುವ ಕಾಲ ಕಡಿಮೆ. ಗುಜರಿಗೆ ಹರಾಜಾದ ಮೇಲೆ ಗ್ಯಾಸ್ ಕಟರ್ ಬಂದರೆ ಕೆಲವೇ ತಿಂಗಳಲ್ಲಿ ಬಯಲು ಉಳಿಯುತ್ತದೆ. ಹಾಗೆಂದು ಗೋಡೆ ಹಾರಿ ಒಳಗೆ ಹೋಗುವ ಜಾಗವೂ ಇದಲ್ಲ. ಈ ಬರಹದ ಉದ್ದಕ್ಕೂ ಹೇಳುವುದು ಒಂದೇ ಮಾತು: ಕಚ್ಚಾ ಮಾಲು ಗೇಟಿನಿಂದ ಗೋದಾಮಿನವರೆಗೆ ಯಾವ ದಾರಿಯಲ್ಲಿ ಹೋಗುತ್ತಿತ್ತೋ ಆ ದಾರಿಯನ್ನು ಮೊದಲು ಕಾಗದದ ಮೇಲೆ, ಆಮೇಲೆ ಕಾಲಿನಿಂದ ಹಿಡಿಯಿರಿ. ಕಾರ್ಖಾನೆ ಅರ್ಥವಾಗುವುದೂ ಹೀಗೆ, ಅಪಾಯ ಎಲ್ಲಿದೆ ಎಂದು ಮುಂಚೆಯೇ ತಿಳಿಯುವುದೂ ಹೀಗೆ.

ಒಡೆಯ ಯಾರು?

‘ಯಾರದೂ ಅಲ್ಲದ ಕಾರ್ಖಾನೆ’ ಎಂಬುದು ಇಲ್ಲ. ಮೊದಲು ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಆ ಜಾಗದ ಸರ್ವೆ ನಂಬರ್ ತೆಗೆಯಿರಿ. ಅದೇ ನಂಬರಿನ ಪಹಣಿಯನ್ನು ಭೂಮಿ ತಾಣದಲ್ಲಿ ನೋಡಿ. 9ನೇ ಕಲಂನಲ್ಲಿ ಮಾಲೀಕರ ಹೆಸರು, 11ನೇ ಕಲಂನಲ್ಲಿ ಸಾಲ, ಋಣ, ತಕರಾರು ಇರುತ್ತವೆ. ಕಪನೂರ, ಕೊಳಾರ, ಕಡೇಚೂರಿನಂಥ ಕೈಗಾರಿಕಾ ಪ್ರದೇಶದ ನಿವೇಶನವಾದರೆ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕಚೇರಿಯಲ್ಲೇ ವಿಚಾರಿಸಬೇಕು. ಗೇಟಿಗೆ ಅಂಟಿಸಿದ ನೋಟಿಸನ್ನು ಬಿಡದೆ ಓದಿ. ‘ಸ್ವಾಧೀನ ನೋಟಿಸ್’, ಬ್ಯಾಂಕ್ ಸಾಲ ವಸೂಲಿಯ 2002ರ ಸರ್ಫೇಸಿ ಕಾಯ್ದೆ ಎಂದಿದ್ದರೆ ಜಾಗ ಬ್ಯಾಂಕಿನ ಕೈಯಲ್ಲಿದೆ. ‘ಲಿಕ್ವಿಡೇಟರ್’ ಎಂದಿದ್ದರೆ ಕಂಪನಿ ಸಮಾಪನೆಯಲ್ಲಿದೆ, ಅನುಮತಿ ಕೊಡುವವರು ಅವರೇ. ಸಹಕಾರಿ ಸಕ್ಕರೆ ಕಾರ್ಖಾನೆಯಾದರೆ ಆಡಳಿತ ಮಂಡಳಿಗೆ, ಮಂಡಳಿ ಇಲ್ಲದಿದ್ದರೆ ಆಡಳಿತಾಧಿಕಾರಿಗೆ ಬರೆಯಬೇಕು.

ಪತ್ರ ಒಂದೇ ಪುಟದಲ್ಲಿ ಮುಗಿಯಲಿ. ಯಾರು, ಎಷ್ಟು ಜನ, ಯಾವ ದಿನ ಎಷ್ಟರಿಂದ ಎಷ್ಟು ಗಂಟೆ, ಯಾವ ಯಾವ ಕಟ್ಟಡ, ಫೋಟೊ ಯಾತಕ್ಕೆ, ಏನನ್ನೂ ಮುಟ್ಟುವುದಿಲ್ಲ, ಒಯ್ಯುವುದಿಲ್ಲ, ನಮ್ಮ ಹೊಣೆ ನಮ್ಮದು: ಇಷ್ಟು ಸಾಕು. ಎಲ್ಲರ ಗುರುತಿನ ಚೀಟಿಯ ಪ್ರತಿ ಲಗತ್ತಿಸಿ. ಅನುಮತಿ ಸಿಕ್ಕ ಮೇಲೆ ಅದರ ಒಂದು ಪ್ರತಿಯನ್ನು ಸ್ಥಳೀಯ ಪೊಲೀಸ್ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ತಾಮ್ರ ಕಳ್ಳತನದ ದೂರುಗಳಿರುವ ಜಾಗದಲ್ಲಿ ಟಾರ್ಚು, ಬ್ಯಾಗು ಹಿಡಿದು ಓಡಾಡುವವರನ್ನು ಜನ ಮೊದಲು ಕಳ್ಳರೆಂದೇ ತಿಳಿಯುತ್ತಾರೆ.

ಅನುಮತಿಯಿಲ್ಲದೆ ಹೊಕ್ಕವರಿಗೆ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಅನ್ವಯಿಸಬಹುದು. ಅಪರಾಧಿಕ ಅತಿಕ್ರಮಕ್ಕೆ 3 ತಿಂಗಳವರೆಗೆ, ಕಟ್ಟಡದೊಳಗಿನ ಅತಿಕ್ರಮಕ್ಕೆ 1 ವರ್ಷದವರೆಗೆ ಸೆರೆ, ಇಲ್ಲವೇ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾರ್ಖಾನೆಗೆ ಕವಲೊಡೆದ ರೈಲು ಹಳಿಯ (ಸೈಡಿಂಗ್) ಮೇಲೆ ನಡೆದರೆ ರೈಲ್ವೆ ಕಾಯ್ದೆಯ 147ನೇ ಕಲಂ ಬೇರೆ.

ವಾಚ್‌ಮನ್ ‘ಹೋಗ್ರಿ, ಯಾರೂ ಕೇಳಂಗಿಲ್ಲ’ ಅಂದರೆ ಅದು ಅನುಮತಿಯಲ್ಲ. ನಾಳೆ ಏನಾದರೂ ಆದರೆ ಕೆಲಸ ಹೋಗುವುದು ಆ ಬಡವರದು. ಕಾಗದ ತೋರಿಸಿಯೇ ಮಾತಾಡಿ: ‘ಕಾಕಾ, ಸಾಹೇಬ್ರ ಪತ್ರ ಅದರಿ. ಸಾಮಾನ ಏನೂ ಮುಟ್ಟಂಗಿಲ್ರಿ. ಎಲ್ಲಿ ನೆಲ ಕುಸದದ, ಎಲ್ಲಿ ಹುಳಾ ಅವ, ನೀವು ಹೇಳ್ರಿ, ಅಲ್ಲಿ ಹೋಗಂಗಿಲ್ಲ.’ ಹತ್ತು ವರ್ಷ ಅಲ್ಲೇ ಮಲಗಿ ಎದ್ದವರಿಗೆ ಯಾವ ಎಂಜಿನಿಯರಿಗೂ ಗೊತ್ತಿಲ್ಲದ ಸಂಗತಿ ಗೊತ್ತಿರುತ್ತದೆ. ಅರ್ಧ ತಾಸು ಕೂತು ಕೇಳಿ.

ಮನೆಯಲ್ಲೇ ಮುಗಿಸಬೇಕಾದ ಕೆಲಸ

ಈ ಭಾಗದ ಹಳೆಯ ಕಾರ್ಖಾನೆಗಳು ರೈಲಿನ ಜೊತೆಗೇ ಹುಟ್ಟಿದವು. ಮುಂಬೈ ಕಡೆಯಿಂದ ರಾಯಚೂರಿಗೆ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲು ಮಾರ್ಗ ಪೂರ್ತಿಯಾದದ್ದು 1871ರಲ್ಲಿ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿದ್ದು 1874ರಲ್ಲಿ. ಶಹಾಬಾದಿನ ಸುಣ್ಣಕಲ್ಲು ಸಿಮೆಂಟಾಗಲು ಈ ಹಳಿಗಳೇ ದಾರಿ ಮಾಡಿದವು. 1936ರಲ್ಲಿ ಎಸಿಸಿಯಾಗಿ (ಅಸೋಸಿಯೇಟೆಡ್ ಸಿಮೆಂಟ್ ಕಂಪನೀಸ್) ಒಂದುಗೂಡಿದ ಕಂಪನಿಗಳಲ್ಲಿ ಶಹಾಬಾದ್ ಸಿಮೆಂಟ್ ಕಂಪನಿಯೂ ಇತ್ತು. ಆದ್ದರಿಂದ ನಕ್ಷೆಯಲ್ಲಿ ಮೊದಲು ಹುಡುಕಬೇಕಾದ್ದು ಮುಖ್ಯ ಹಳಿಯಿಂದ ಕವಲೊಡೆದ ಸೈಡಿಂಗ್. ಹಳಿ ಕಿತ್ತಿದ್ದರೂ ಅದರ ಬಾಗು, ಏರಿ, ಸಾಲು ಜಾಲಿಗಿಡಗಳು ಉಪಗ್ರಹ ಚಿತ್ರದಲ್ಲಿ ಕಾಣುತ್ತವೆ. ಅದು ಮುಟ್ಟುವ ಜಾಗ ಸಾಮಾನ್ಯವಾಗಿ ಪ್ಯಾಕಿಂಗ್ ಶೆಡ್ಡು ಅಥವಾ ಕಲ್ಲಿದ್ದಲ ಅಂಗಳ.

ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಚಿತ್ರಗಳನ್ನು ಒಂದೊಂದಾಗಿ ತೆರೆಯಿರಿ. ಯಾವ ಶೆಡ್ಡಿನ ತಗಡು ಯಾವ ವರ್ಷ ಹೋಯಿತು, ಎಲ್ಲಿ ಗಿಡ ಬೆಳೆಯಿತು, ಎಲ್ಲಿ ನೀರು ನಿಂತಿದೆ ಎಂದು ಗುರುತು ಹಾಕಿ. ಹತ್ತು ಮಳೆಗಾಲ ತಗಡಿಲ್ಲದೆ ನೆನೆದ ಮಹಡಿಯ ಮೇಲೆ ಹತ್ತುವುದಿಲ್ಲ ಎಂಬ ನಿರ್ಧಾರ ಇಲ್ಲೇ ಆಗಬೇಕು.

ಆಮೇಲೆ ಅಲ್ಲಿ ದುಡಿದವರನ್ನು ಕಾಣಿ. ‘ಕಾರ್ಖಾನೆ ಬಗ್ಗೆ ಹೇಳಿ’ ಅಂದರೆ ನಾಲ್ಕು ಮಾತಿಗೆ ಮುಗಿಯುತ್ತದೆ. ‘ಪಾಳಿಗೆ ಬಂದ ಮೇಲೆ ಮೊದಲು ಎಲ್ಲಿ ಹೋಗ್ತಿದ್ರಿ? ಭೋಂಗಾ ಎಷ್ಟಕ್ಕ ಹೊಡೀತಿತ್ತು? ಊಟಾ ಎಲ್ಲಿ ಕೂತು ಮಾಡ್ತಿದ್ರಿ?’ ಎಂದು ಕೇಳಿದರೆ ಇಡೀ ನಕ್ಷೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕಾಗದ ಮುಂದಿಟ್ಟು ಅವರ ಕೈಯಿಂದಲೇ ಗೀರಿಸಿ. ಬಾಕಿ ಸಂಬಳ, ಗ್ರಾಚ್ಯುಟಿಗೆ ಇನ್ನೂ ಕಾಯುತ್ತಿರುವವರು ಇರಬಹುದು. ಅವರ ನೋವನ್ನು ಪೂರ್ತಿ ಕೇಳಿ, ಕೊಡಿಸುತ್ತೇವೆಂಬ ಭರವಸೆ ಮಾತ್ರ ಕೊಡಬೇಡಿ. ಧ್ವನಿ ಮುದ್ರಿಸುವ ಮೊದಲು ಒಪ್ಪಿಗೆ ಕೇಳಿ, ಆ ಒಪ್ಪಿಗೆಯೂ ಮುದ್ರಿಕೆಯಲ್ಲಿ ಇರಲಿ.

ಯಾವಾಗ, ಎಷ್ಟು ಜನ, ಏನೇನು

ನವೆಂಬರ್‌ನಿಂದ ಫೆಬ್ರುವರಿ ಮಧ್ಯದವರೆಗೆ ಒಳ್ಳೆಯ ಕಾಲ. ಬೆಳಿಗ್ಗೆ 7ಕ್ಕೆ ಒಳಗೆ ಹೋದರೆ 11ಕ್ಕೆ ಹೊರಗಿರಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 42 ಡಿಗ್ರಿ ದಾಟುತ್ತದೆ, ತಗಡಿನ ಶೆಡ್ಡಿನೊಳಗೆ ಅದಕ್ಕಿಂತ ಹೆಚ್ಚು. ಮಳೆಗಾಲದಲ್ಲಿ ಎರೆಮಣ್ಣು ಬೂಟಿಗೆ ಮೆತ್ತಿ ಕಬ್ಬಿಣದ ಮೆಟ್ಟಿಲ ಮೇಲೆ ಜಾರಿಸುತ್ತದೆ. ತೆರೆದ ಗುಂಡಿಗಳಲ್ಲಿ ನೀರು ತುಂಬಿ ಆಳವೇ ತಿಳಿಯುವುದಿಲ್ಲ.

ಕನಿಷ್ಠ ಮೂವರು ಒಳಗೆ, ಒಬ್ಬರು ಗೇಟಿನಲ್ಲಿ. ಐವರಿಗಿಂತ ಹೆಚ್ಚಾದರೆ ಯಾರು ಎಲ್ಲಿದ್ದಾರೆ ಎಂಬ ಲೆಕ್ಕ ತಪ್ಪುತ್ತದೆ. ಗೇಟಿನಲ್ಲಿ ನಿಂತವರ ಕೈಯಲ್ಲಿ ನಕ್ಷೆ, ಒಳಗಿನವರು ಹೋಗುವ ದಾರಿ, ವಾಪಸಾಗುವ ಹೊತ್ತು ಬರೆದ ಚೀಟಿ ಇರಲಿ. ಪ್ರತಿ 45 ನಿಮಿಷಕ್ಕೆ ಒಂದು ಕರೆ. ಕರೆ ಬರದೆ 15 ನಿಮಿಷವಾದರೆ ಅವರು ಒಳಗೆ ಓಡಬಾರದು. ಮೊದಲು 112ಕ್ಕೆ ಫೋನ್, ಆಮೇಲೆ ವಾಚ್‌ಮನ್ ಜೊತೆ ಹುಡುಕಾಟ.

ಒಬ್ಬೊಬ್ಬರಿಗೆ ಬೇಕಾದ್ದು: ಗದ್ದಕ್ಕೆ ಪಟ್ಟಿಯಿರುವ ಐಎಸ್ 2925 ಗುರುತಿನ ಹೆಲ್ಮೆಟ್, ಅಡಿಯಲ್ಲಿ ಉಕ್ಕಿನ ತಗಡಿರುವ ಸೇಫ್ಟಿ ಶೂ (ಹಲಗೆಯ ಮೊಳೆ ಸಾದಾ ಬೂಟನ್ನು ಸೀಳಿ ಬರುತ್ತದೆ), ದಪ್ಪ ಉದ್ದ ಪ್ಯಾಂಟು, ಪೂರ್ಣ ತೋಳಿನ ಅಂಗಿ, ಚರ್ಮದ ಕೈಗವಸು, ಕಣ್ಣಿಗೆ ಗಾಗಲ್ಸ್. ತಲೆಗೆ ಕಟ್ಟುವ ಟಾರ್ಚು ಒಂದು, ಕೈ ಟಾರ್ಚು ಇನ್ನೊಂದು, ಮೊಬೈಲ್ ಬೆಳಕನ್ನು ಲೆಕ್ಕಕ್ಕೆ ಹಿಡಿಯಬೇಡಿ. ನೀರು 3 ಲೀಟರ್, ಉಪ್ಪು-ಸಕ್ಕರೆಯ ಓಆರ್‌ಎಸ್ 2 ಪೊಟ್ಟಣ, ಒಂದು ಸೀಟಿ. ಎನ್95 ಮಾಸ್ಕ್ 2, ಒಂದು ಒದ್ದೆಯಾದರೆ ಇನ್ನೊಂದು. ತಂಡಕ್ಕೆ ಒಂದು 30 ಮೀಟರ್ ಟೇಪು, 1.5 ಮೀಟರ್ ಉದ್ದದ ಗಟ್ಟಿ ಕೋಲು, ಕ್ರೇಪ್ ಬ್ಯಾಂಡೇಜ್ 4, ಗಾಯ ಒತ್ತಿ ಹಿಡಿಯಲು ಗಾಜ್ ಪ್ಯಾಡ್, ಕಣ್ಣು ತೊಳೆಯಲು ಬೇರೆಯೇ 2 ಲೀಟರ್ ಶುದ್ಧ ನೀರು. ಹೋಗುವ ಮೊದಲು ಧನುರ್ವಾಯು ಚುಚ್ಚುಮದ್ದು ಯಾವಾಗ ಆಗಿದೆ ನೋಡಿಕೊಳ್ಳಿ. 10 ವರ್ಷ ದಾಟಿದ್ದರೆ ಹಾಕಿಸಿಕೊಂಡೇ ಹೊರಡಿ.

ಮೊದಲ ದಿನ ಒಳಗೆ ಕಾಲಿಡಬೇಡಿ

ಮೊದಲ ಭೇಟಿ ಹೊರಗಿನ ಸುತ್ತು ಮಾತ್ರ. ಕಂಪೌಂಡಿನ ಗುಂಟ ನಡೆದು ಈ ನಾಲ್ಕನ್ನು ಬರೆದುಕೊಳ್ಳಿ: ಹೊರಬರುವ ದಾರಿಗಳು, ಆಂಬುಲೆನ್ಸ್ ಎಲ್ಲಿವರೆಗೆ ಬರುತ್ತದೆ, ಕರೆಂಟು ಎಲ್ಲಿಂದ ಬರುತ್ತದೆ, ಜೇನು ಎಲ್ಲಿ ಕಟ್ಟಿದೆ. ಕಾರ್ಖಾನೆ ನಿಂತು ಇಪ್ಪತ್ತು ವರ್ಷವಾದರೂ ವಾಚ್‌ಮನ್ ಕೋಣೆಗೆ, ಬೋರಿಗೆ ಲೈನು ಇರುತ್ತದೆ. ಆವರಣದೊಳಗೆ ಹಾದುಹೋಗುವ 11 ಅಥವಾ 33 ಕೆವಿ ಲೈನು ಪಕ್ಕದ ಊರಿನದಾಗಿರಬಹುದು. ಯಾವ ತಂತಿ ಸತ್ತಿದೆ ಎಂದು ನೋಡಿ ಹೇಳಲಾಗದು. ವಿದ್ಯುತ್ ಕಂಪನಿ ಜೆಸ್ಕಾಂನವರು ಬರೆದುಕೊಡುವ ತನಕ ಎಲ್ಲ ತಂತಿಯೂ ಜೀವಂತ ಎಂದೇ ನಡೆಯಿರಿ.

ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಕಾರ್ಖಾನೆಗಳ ಹಿಂದೆ ಹಳೆಯ ಗಣಿ ಇರುತ್ತದೆ. ಸುಣ್ಣಕಲ್ಲು ಪದರಪದರವಾಗಿ ಕಡಿದು ಬರುವುದರಿಂದ ಅಂಚು ಗೋಡೆಯ ಹಾಗೆ ನೆಟ್ಟಗಿರುತ್ತದೆ. ನೀರಿಗೆ ಬಿದ್ದವರಿಗೆ ಹತ್ತಿ ಬರಲು ಕೈಗೆ ಏನೂ ಸಿಗುವುದಿಲ್ಲ. ಅಂಚಿನ ಮೇಲ್ಪದರ ಸಡಿಲವಾಗಿರುತ್ತದೆ, 5 ಮೀಟರ್ ದೂರದಲ್ಲೇ ನಿಲ್ಲಿ. ಈಜಲು ಇಳಿಯುವ ಮಾತೇ ಬೇಡ.

ನೆಲವನ್ನು ಓದುವುದು

ಇದೇ ಎಲ್ಲಕ್ಕಿಂತ ಮುಖ್ಯ, ನಿಧಾನವಾಗಿ ಓದಿ. ಮುಚ್ಚಿದ ಕಾರ್ಖಾನೆಯಲ್ಲಿ ತಲೆಯ ಮೇಲೆ ಬೀಳುವುದಕ್ಕಿಂತ ಕಾಲಡಿ ಕುಸಿಯುವುದಕ್ಕೆ ಹೆಚ್ಚು ಹೆದರಬೇಕು.

ಗುಜರಿ ಕಳ್ಳರು ಮೊದಲು ಕದಿಯುವುದು ಸುಲಭವಾಗಿ ಎತ್ತಬಹುದಾದ್ದನ್ನು: ಮೋರಿಯ ಮುಚ್ಚಳ, ನೆಲದ ಕಬ್ಬಿಣದ ಜಾಲರಿ, ಕೇಬಲ್ ಗುಂಡಿಯ ತಗಡು, ಮೆಟ್ಟಿಲ ಪಕ್ಕದ ಹಿಡಿಕಂಬಿ. ಅಂದರೆ ಮನುಷ್ಯ ಬೀಳದಂತೆ ತಡೆಯಲು ಇಟ್ಟದ್ದೇ ಮೊದಲು ಹೋಗಿರುತ್ತದೆ. ಉಳಿದ ರಂಧ್ರದ ಮೇಲೆ ಧೂಳು, ಒಣ ಎಲೆ, ಹಳೆ ಗೋಣಿ ಬಿದ್ದು ನೆಲದಂತೆಯೇ ಕಾಣುತ್ತದೆ. ಕೋಲಿನಿಂದ ಮುಂದೆ ತಟ್ಟುತ್ತ, ಒಬ್ಬರ ಹಿಂದೆ ಒಬ್ಬರು, ಮುಂದಿನವರ ಹೆಜ್ಜೆಯಲ್ಲೇ ಹೆಜ್ಜೆ ಇಟ್ಟು ನಡೆಯಿರಿ. ಫೋಟೊ ತೆಗೆಯುವವರು ಕ್ಯಾಮೆರಾ ಕಣ್ಣಿಗಿಟ್ಟು ಹಿಂದೆ ಸರಿಯಲೇಬಾರದು. ನಿಲ್ಲಿ, ತೆಗೆಯಿರಿ, ಕ್ಯಾಮೆರಾ ಇಳಿಸಿ, ಆಮೇಲೆ ಹೆಜ್ಜೆ.

ಅವರು ಅರ್ಧ ಕತ್ತರಿಸಿ ಬಿಟ್ಟುಹೋದದ್ದು ಇನ್ನೂ ಅಪಾಯಕಾರಿ. ತೊಲೆಯ ಮೇಲೆ ಅಲೆಅಲೆಯಾದ, ಗಂಟುಗಂಟಾದ ಕತ್ತರಿ ಗುರುತು ಕಂಡರೆ ಅದು ಗ್ಯಾಸ್ ಕಟರಿನದು. ಆ ತೊಲೆ ಎತ್ತಿ ಹಿಡಿದಿರುವ ಎಲ್ಲದರಿಂದಲೂ, ಅದರ ಕೆಳಗಿನ ಜಾಗದಿಂದಲೂ ದೂರವಿರಿ.

ಈ ಭಾಗದ ವಿಶೇಷವೆಂದರೆ ಫರಸಿ. ಬೇರೆ ಕಡೆ ಕಬ್ಬಿಣ ಅಥವಾ ಕಾಂಕ್ರೀಟು ಹಾಕುವಲ್ಲಿ ಇಲ್ಲಿ ಶಹಾಬಾದ್ ಕಲ್ಲಿನ ಚಪ್ಪಡಿಯನ್ನೇ ಹೊದಿಸುತ್ತಾರೆ. ಚರಂಡಿ, ಕೇಬಲ್ ಕಾಲುವೆ, ನೀರಿನ ತೊಟ್ಟಿ ಎಲ್ಲಕ್ಕೂ ಅದೇ. ಕಲ್ಲಿಗೆ ಒತ್ತಡ ತಡೆಯುವ ಶಕ್ತಿಯಿದೆ, ಬಾಗುವ ಶಕ್ತಿಯಿಲ್ಲ. ಕಬ್ಬಿಣ ಮುರಿಯುವ ಮೊದಲು ಬಾಗಿ ಎಚ್ಚರಿಸುತ್ತದೆ, ಫರಸಿ ಒಮ್ಮೆಲೇ ನಡುವೆ ಎರಡಾಗುತ್ತದೆ. ಕೋಲಿನಿಂದ ಬಡಿದರೆ ಗಟ್ಟಿ ಚಪ್ಪಡಿ ‘ಠಣ್’ ಅನ್ನುತ್ತದೆ, ಸೀಳು ಬಿಟ್ಟದ್ದು ‘ದಬ್’ ಅನ್ನುತ್ತದೆ. ಆದರೆ ಠಣ್ ಅಂದದ್ದರ ಮೇಲೂ ನಿಲ್ಲಬೇಡಿ, ದಾಟಿಕೊಂಡು ಹೋಗಿ.

ಮಹಡಿಯ ಕಬ್ಬಿಣದ ತಗಡು ಮೇಲಿಂದ ಚೆನ್ನಾಗಿ ಕಂಡರೂ ಕೆಳಗಿನಿಂದ ತುಕ್ಕು ತಿಂದಿರುತ್ತದೆ. ಮೊದಲು ಕೆಳಗೆ ನಿಂತು ಟಾರ್ಚು ಹಾಕಿ ಅಡಿಭಾಗ ನೋಡಿ. ಪದರಪದರ ಎದ್ದಿದ್ದರೆ ಹತ್ತಬೇಡಿ. ಗಟ್ಟಿಯಿದ್ದರೂ ತಗಡಿನ ನಡುವೆ ನಡೆಯದೆ ಬೋಲ್ಟಿನ ತಲೆಗಳ ಸಾಲಿನ ಮೇಲೆ ನಡೆಯಿರಿ, ಅದರ ಕೆಳಗೆ ತೊಲೆಯಿದೆ. ಮೆಟ್ಟಿಲಲ್ಲಿ ಪಕ್ಕದ ಚೌಕಟ್ಟಿಗೆ ಹತ್ತಿರ ಕಾಲಿಟ್ಟು, ಒಂದು ಸಲಕ್ಕೆ ಒಬ್ಬರು. ಗೋಡೆಗೆ ನೆಟ್ಟ ನೆಟ್ಟಗಿನ ಏಣಿ ಎಷ್ಟೇ ಗಟ್ಟಿ ಕಂಡರೂ ಬೇಡ.

ಕಾಂಕ್ರೀಟಿನಲ್ಲಿ ಕಂದು ಕಲೆ, ಉದ್ದ ಸೀಳು, ಉದುರಿದ ಚಕ್ಕೆ ಕಂಡರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದೆ ಎಂದರ್ಥ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಎರೆಮಣ್ಣಿನ ಮೇಲೆ ಕಟ್ಟಿದ ಗೋಡೆ ಬೇಸಿಗೆಗೆ ಕುಗ್ಗಿ, ಮಳೆಗೆ ಉಬ್ಬಿ ಓರೆಯಾಗಿ ಸೀಳಿರುತ್ತದೆ. ಬೆರಳು ಹೋಗುವಷ್ಟು ಸೀಳಿದ್ದರೆ ಅದರ ಎತ್ತರದಷ್ಟು ದೂರ ನಿಲ್ಲಿ.

ಮೇಲ್ಚಾವಣಿಯ ಬೂದು ಸಿಮೆಂಟ್ ಶೀಟು ಕಲ್ನಾರಿನದು (ಆಸ್ಬೆಸ್ಟಾಸ್). ಮೇಲೆ ಹತ್ತಿದರೆ ನೇರ ಕೆಳಗೆ. ಒಡೆದು ಬಿದ್ದಲ್ಲಿ ತುಳಿದರೆ ಕಣ್ಣಿಗೆ ಕಾಣದ ಎಳೆ ಗಾಳಿಗೆ ಏಳುತ್ತದೆ, ಶ್ವಾಸಕೋಶಕ್ಕೆ ಹೋದದ್ದು ಹೊರಬರುವುದಿಲ್ಲ. ಎನ್95 ಮಾಸ್ಕ್ ಇದಕ್ಕೆ ಸಾಲದು. ಒಣಗಿ ಪುಡಿಯಾದ ಶೀಟುಗಳ ಶೆಡ್ಡನ್ನು ಬಾಗಿಲಿನಿಂದಲೇ ನೋಡಿ.

ಸಿಮೆಂಟ್ ಕಾರ್ಖಾನೆ: ಕಲ್ಲಿನ ಹಿಂದೆ ಹೆಜ್ಜೆ

ಮೊದಲು ಒಂದು ಪ್ರಶ್ನೆಗೆ ಉತ್ತರ ಹುಡುಕಿ: ಇದು ಒದ್ದೆ ವಿಧಾನದ್ದೋ, ಒಣ ವಿಧಾನದ್ದೋ? ಅಂತಸ್ತಿನ ಮೇಲೆ ಅಂತಸ್ತಾಗಿ ಲಾಳಿಕೆಯಾಕಾರದ ಸೈಕ್ಲೋನ್‌ಗಳಿರುವ ಎತ್ತರದ ಗೋಪುರವಿದ್ದರೆ ಒಣ ವಿಧಾನ. ಗೋಪುರವಿಲ್ಲದೆ ಬಹಳ ಉದ್ದದ ಕಿಲ್ನ್ (ಕಲ್ಲು ಬೇಯಿಸುವ ತಿರುಗು ಕುಲುಮೆ), ಪಕ್ಕದಲ್ಲಿ ದುಂಡನೆಯ ದೊಡ್ಡ ತೊಟ್ಟಿಗಳಿದ್ದರೆ ಒದ್ದೆ ವಿಧಾನ. ಆ ವಿಧಾನದಲ್ಲಿ ಕಲ್ಲನ್ನು ನೀರಿನೊಡನೆ ಅರೆದು, ಶೇಕಡ 30ರಿಂದ 40 ನೀರಿರುವ ರಾಡಿ ಮಾಡಿ ಕಿಲ್ನ್‌ಗೆ ಬಿಡುತ್ತಿದ್ದರು. ಆ ನೀರನ್ನು ಆವಿ ಮಾಡಲೇ ಕಲ್ಲಿದ್ದಲಿನ ದೊಡ್ಡ ಪಾಲು ಹೋಗುತ್ತಿತ್ತು: ಒಂದು ಕಿಲೊ ಕ್ಲಿಂಕರಿಗೆ (ಅರೆದರೆ ಸಿಮೆಂಟಾಗುವ ಬೆಂದ ಉಂಡೆ) ಒದ್ದೆಯಲ್ಲಿ 1300 ಕಿಲೊಕ್ಯಾಲರಿಗೂ ಹೆಚ್ಚು ಶಾಖ ಬೇಕಾದರೆ, ಆಧುನಿಕ ಒಣ ವಿಧಾನದಲ್ಲಿ 750ರ ಆಸುಪಾಸು. ಸಿಮೆಂಟಿನ ಬೆಲೆ ನಿಯಂತ್ರಣ 1982ರಲ್ಲಿ ಸಡಿಲವಾಗಿ 1989ರಲ್ಲಿ ಪೂರ್ತಿ ಹೋದ ಮೇಲೆ ಹೊಸ ಒಣ ಘಟಕಗಳ ಜೊತೆ ಹಳೆಯ ಒದ್ದೆ ಘಟಕಗಳು ಪೈಪೋಟಿ ನಡೆಸುವುದು ಕಷ್ಟವಾಯಿತು. ಎದುರಿಗಿರುವ ಕಬ್ಬಿಣದ ಉದ್ದ ನೋಡಿಯೇ ಬೀಗ ಬಿದ್ದ ಕಾರಣದ ಒಂದು ಭಾಗ ತಿಳಿಯುತ್ತದೆ.

ಕ್ರಷರಿನಿಂದ ಆರಂಭಿಸಿ. ಲಾರಿ ಕಲ್ಲು ಸುರಿಯುತ್ತಿದ್ದ ಹಾಪರ್ ಅಂಚಿಗೆ ಹೋಗಬೇಡಿ, ಅದು ಒಳಕ್ಕೆ ಇಳಿಜಾರಾದ ಆಳದ ಬಾವಿ. ಕನ್ವೇಯರ್ ಗ್ಯಾಲರಿಯನ್ನು ಕೆಳಗಿನಿಂದ ನೋಡಿ, ಒಳಗೆ ನಡೆಯಬೇಡಿ: ಬೆಲ್ಟಿನ ಒಂದು ತುದಿಗೆ ಬಿಗಿ ಮಾಡಲು ನೇತುಹಾಕಿದ ಟನ್ನುಗಟ್ಟಲೆ ತೂಕ ಇನ್ನೂ ನೇತಾಡುತ್ತಿರಬಹುದು.

ರಾಡಿಯ ತೊಟ್ಟಿ ಒದ್ದೆ ಘಟಕದ ಅತಿ ಮೋಸದ ಜಾಗ. ಮೇಲೆ ಒಣಗಿ ಬಿರಿದ ಕೆನೆ, ಅದರ ಮೇಲೆ ಹುಲ್ಲು, ಕೆಳಗೆ ಇನ್ನೂ ಕೆಸರು. ಅಂಗಳವೆಂದು ನಡೆದರೆ ಸೊಂಟದವರೆಗೆ ಹೂಳುತ್ತದೆ.

ಕಿಲ್ನ್ ಬಳಿ ಬೇಕಾದಷ್ಟು ಹೊತ್ತು ಕಳೆಯಿರಿ. ಕಾರ್ಖಾನೆಯ ಜೀವ ಅದು. ಶೇಕಡ 3ರಿಂದ 4ರಷ್ಟು ಇಳಿಜಾರಾಗಿ ಮಲಗಿಸಿದ ಉಕ್ಕಿನ ಕೊಳವೆ, 100 ಮೀಟರ್ ಉದ್ದವಿದ್ದರೆ ಎರಡು ತುದಿಗೂ 3-4 ಮೀಟರ್ ಎತ್ತರದ ವ್ಯತ್ಯಾಸ. ಸುತ್ತ ಹಾಕಿದ ದಪ್ಪ ಬಳೆ ಟೈರ್, ಅದನ್ನು ಹೊತ್ತ ಜೋಡಿ ರೋಲರ್, ನಡುವೆ ಹಲ್ಲುಗಾಲಿ. ಮೇಲ್ತುದಿಯಿಂದ ಕಲ್ಲಿನ ರಾಡಿ, ಕೆಳತುದಿಯಿಂದ ಕಲ್ಲಿದ್ದಲ ಪುಡಿಯ ಉರಿ. ಸುಮಾರು 1450 ಡಿಗ್ರಿಯಲ್ಲಿ ಕಲ್ಲು ಕ್ಲಿಂಕರ್ ಆಗುತ್ತದೆ. ಕೆಳತುದಿಯ ವೇದಿಕೆಯಲ್ಲಿ ಬರ್ನರ್ (ಉರಿ ನೋಡಿಕೊಳ್ಳುವ ಕೆಲಸಗಾರ) ನಿಂತು, ನೀಲಿ ಗಾಜಿನ ಮೂಲಕ ಉರಿಯ ಬಣ್ಣ ನೋಡಿಯೇ ಬೇಯುವುದನ್ನು ಅಳೆಯುತ್ತಿದ್ದರು. ಆ ಕಿಂಡಿ ಉಳಿದಿದ್ದರೆ ತಪ್ಪದೆ ಚಿತ್ರ ತೆಗೆಯಿರಿ, ದುಡಿದವರ ಕಣ್ಣು ತಾಗಿದ ಜಾಗ ಅದು.

ಒಳಗೆ ಮಾತ್ರ ಹೋಗಬೇಡಿ. ಬೆಂಕಿ ಇಟ್ಟಿಗೆಗಳು ಒಂದನ್ನೊಂದು ಬಿಗಿಹಿಡಿದು ಕಮಾನಿನಂತೆ ನಿಂತಿರುತ್ತವೆ, ಒಂದು ಸಡಿಲವಾದರೆ ಸಾಲೇ ಇಳಿಯುತ್ತದೆ. ಗೇರು ಕಳಚಿ ಒಯ್ದಿದ್ದರೆ ಕಿಲ್ನ್ ತಿರುಗದಂತೆ ತಡೆಯಲು ಬೇರೇನೂ ಇರುವುದಿಲ್ಲ. ಹಳೆಯ ಕಿಲ್ನ್‌ಗಳಲ್ಲಿ ಮ್ಯಾಗ್ನೇಸಿಯ-ಕ್ರೋಮ್ ಇಟ್ಟಿಗೆ ಹಾಕುತ್ತಿದ್ದರು. ಬಳಸಿದ ಆ ಇಟ್ಟಿಗೆಯ ಮೇಲಿನ ಹಳದಿ ಪುಡಿ ಹೆಕ್ಸಾವೇಲೆಂಟ್ ಕ್ರೋಮಿಯಂ, ಕ್ಯಾನ್ಸರ್‌ಕಾರಕ. ನೆನಪಿಗೆಂದು ಒಂದು ತುಂಡೂ ಮನೆಗೆ ತರಬೇಡಿ.

ಸಿಮೆಂಟ್ ತುಂಬಿಡುವ ಎತ್ತರದ ಕಣಜ ಅಂದರೆ ಸೈಲೊ, ಅರೆಯುವ ಬಾಲ್ ಮಿಲ್, ಧೂಳು ಹಿಡಿಯುವ ಇಎಸ್‌ಪಿ ಪೆಟ್ಟಿಗೆ, ನೆಲದಡಿಯ ಸುರಂಗ, ತೊಟ್ಟಿ ಇವೆಲ್ಲ ಉಸಿರುಗಟ್ಟುವ ಜಾಗಗಳು. ಸೈಲೊದೊಳಗೆ ಗಟ್ಟಿಯಾದ ಸಿಮೆಂಟು ಗೋಡೆಗೆ ಅಂಟಿ ಸೇತುವೆಯಂತೆ ನಿಂತಿದ್ದು, ಕೆಳಗೆ ಹೋದವರ ಮೇಲೆ ಒಟ್ಟಿಗೆ ಕುಸಿಯುತ್ತದೆ. ತುಕ್ಕು ಹಿಡಿಯುವ ಕಬ್ಬಿಣವೂ ಮುಚ್ಚಿದ ಜಾಗದ ಆಮ್ಲಜನಕವನ್ನು ತಿನ್ನುತ್ತದೆ. ಗಾಳಿಯಲ್ಲಿ ಅದು ಶೇಕಡ 20.9 ಇರಬೇಕು, 19.5ಕ್ಕಿಂತ ಕಡಿಮೆಯಾದರೆ ಹೋಗಲೇಬಾರದು, ಆರು ಏಳಕ್ಕೆ ಇಳಿದಿದ್ದರೆ ಕೆಲವೇ ಉಸಿರಿಗೆ ಪ್ರಜ್ಞೆ ತಪ್ಪುತ್ತದೆ. ದೀಪ ಇಳಿಬಿಟ್ಟು ನೋಡುವ ಹಳೆಯ ಪದ್ಧತಿ ನಂಬಬೇಡಿ. ವಿಷಗಾಳಿಯಲ್ಲೂ ದೀಪ ಉರಿಯುತ್ತದೆ, ಉರಿಯುವ ಗಾಳಿಯಿದ್ದರೆ ದೀಪವೇ ಸ್ಫೋಟಿಸುತ್ತದೆ. ಒಳಗೆ ಒಬ್ಬರು ಬಿದ್ದರೆ ಎತ್ತಲು ಇಳಿದವರೂ ಬೀಳುತ್ತಾರೆ.

ಮೂರು ಎಲೆಯ ವಿಕಿರಣ ಚಿಹ್ನೆಯಿರುವ ಸೀಸದ ಪೆಟ್ಟಿಗೆ ಕಂಡರೆ ಎಲ್ಲರೂ ಹಿಂದೆ ಸರಿಯಿರಿ. ಪೈಪು, ಸೈಲೊಗಳಲ್ಲಿ ಮಾಲಿನ ಮಟ್ಟ ಅಳೆಯಲು ಸೀಸಿಯಂ-137, ಕೋಬಾಲ್ಟ್-60 ಇರುವ ಸಾಧನ ಬಳಸುವ ಪದ್ಧತಿಯಿದೆ. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಗುಜರಿಗೆ ಬಂದ ಯಂತ್ರದೊಳಗಿನ ಕೋಬಾಲ್ಟ್-60ರಿಂದ ಜೀವವೇ ಹೋಯಿತು. ಮುಟ್ಟದೆ, ದೂರದಿಂದ ಒಂದು ಫೋಟೊ ತೆಗೆದು ಮಾಲೀಕರಿಗೂ ಪೊಲೀಸರಿಗೂ ತಿಳಿಸಿ. ಟ್ರಾನ್ಸ್‌ಫಾರ್ಮರ್ ಕೋಣೆಯ ನೆಲದ ಎಣ್ಣೆಯೂ ಹಾಗೆಯೇ, ಹಳೆಯದರಲ್ಲಿ ಪಿಸಿಬಿ ಎಂಬ ವಿಷವಿರಬಹುದು.

ದಾಲ್ ಮಿಲ್, ಜಿನ್, ಸಕ್ಕರೆ ಕಾರ್ಖಾನೆ

ತೊಗರಿಯ ನಾಡಿನಲ್ಲಿ ದಾಲ್ ಮಿಲ್ಲು ಚಿಕ್ಕದೆಂದು ಹಗುರವಾಗಿ ಕಾಣಬೇಡಿ. ಎಲಿವೇಟರ್ ಬುಡದ ಗುಂಡಿ, ಗೆದ್ದಲು ತಿಂದ ಹಲಗೆಯ ಅಟ್ಟ ಒಂದು ಕಡೆ. ಇನ್ನೊಂದು ಕಡೆ ಕಾಳಿಗೆ ಹುಳ ಬೀಳದಂತೆ ಇಡುವ ಗುಳಿಗೆ, ಅಂದರೆ ಅಲ್ಯುಮಿನಿಯಂ ಫಾಸ್ಫೈಡ್. ಗೋದಾಮಿನ ಮೂಲೆಯಲ್ಲಿ ಅದರ ಡಬ್ಬಿ ಅಥವಾ ಬೂದು ಪುಡಿ ಕಂಡರೆ, ಬೆಳ್ಳುಳ್ಳಿ ಇಲ್ಲವೇ ಕೊಳೆತ ಮೀನಿನಂಥ ವಾಸನೆ ಬಂದರೆ ತಕ್ಷಣ ಹೊರಬನ್ನಿ. ತೇವ ತಗುಲಿದರೆ ಅದು ಫಾಸ್ಫೀನ್ ಅನಿಲ ಬಿಡುತ್ತದೆ. ನೀರು ಹಾಕಲೇಬೇಡಿ.

ಯಾದಗಿರಿ ಕಡೆಯ ಹಳೆಯ ಜಿನ್ನುಗಳಲ್ಲಿ ಯಂತ್ರಗಳ ಸಾಲಿನ ಕೆಳಗೆ ಉದ್ದಕ್ಕೂ ಒಂದು ಸುರಂಗ ಇರುತ್ತದೆ. ಒಂದೇ ಎಂಜಿನ್ನಿನಿಂದ ಓಡುವ ಉದ್ದನೆಯ ಶಾಫ್ಟು ಅಲ್ಲಿತ್ತು, ಬೆಲ್ಟುಗಳು ನೆಲದ ಸೀಳಿನಿಂದ ಮೇಲೆ ಬಂದು ಒಂದೊಂದು ಜಿನ್ನನ್ನು ತಿರುಗಿಸುತ್ತಿದ್ದವು. ಆ ಸೀಳುಗಳನ್ನು ಎಣಿಸಿದರೆ ಯಂತ್ರ ಒಂದೂ ಉಳಿಯದಿದ್ದರೂ ಎಷ್ಟಿದ್ದವೆಂದು ಹೇಳಬಹುದು. ಗಂಟು ಒತ್ತುವ ಪ್ರೆಸ್ಸಿನ ಗುಂಡಿ ಎರಡಾಳು ಆಳವಿರಬಹುದು, ಹಲಗೆ ಮುಚ್ಚಿದ್ದರೂ ನಂಬಬೇಡಿ.

ಬೀದರಿನ ಕಬ್ಬಿನ ಸೀಮೆಯ ಕಾರ್ಖಾನೆಯಲ್ಲಿ ಕಬ್ಬು ಹೋದ ದಾರಿ: ತೂಕದ ಕಟ್ಟೆ, ಕ್ಯಾರಿಯರ್, ಅರೆಯುವ ರೋಲರ್‌ಗಳು, ಸುಣ್ಣ ಮತ್ತು ಗಂಧಕದ ಹೊಗೆ ಕೊಡುವ ತೊಟ್ಟಿ, ಕುದಿಸುವ ಪ್ಯಾನು, ಸೆಂಟ್ರಿಫ್ಯೂಗಲ್. ಕಾಕಂಬಿ ಟ್ಯಾಂಕಿನ ಮುಚ್ಚಳಕ್ಕೆ ಮುಖ ಒಡ್ಡಬೇಡಿ, ಹುಳಿತ ಕಾಕಂಬಿ ಇಂಗಾಲದ ಡೈಆಕ್ಸೈಡ್ ತುಂಬಿಸಿರುತ್ತದೆ. ಬಗಾಸಿನ (ಅರೆದ ಕಬ್ಬಿನ ಸಿಪ್ಪೆ) ರಾಶಿ ಒಳಗೊಳಗೇ ಕಾವೇರಿ ಹೊಗೆಯಿಲ್ಲದೆ ಸುಟ್ಟು ಪೊಳ್ಳಾಗಿರಬಹುದು, ಮೇಲೆ ಹತ್ತಬೇಡಿ. ಬಿಳಿ ಪುಡಿ ಎಲ್ಲವೂ ಸುಣ್ಣವಲ್ಲ, ಪ್ಯಾನು ತೊಳೆಯುವ ಕಾಸ್ಟಿಕ್ ಸೋಡಾ ಇರಬಹುದು. ಕಣ್ಣಿಗೆ ಬಿದ್ದರೆ ರೆಪ್ಪೆ ತೆರೆದು ಕನಿಷ್ಠ 20 ನಿಮಿಷ ನೀರು ಬಿಡುತ್ತಲೇ ಆಸ್ಪತ್ರೆಗೆ ಹೊರಡಿ.

ಜೇನು, ಹಾವು

ಚಿಮಣಿ, ನೀರಿನ ಟ್ಯಾಂಕು, ಸೈಲೊದ ನೆತ್ತಿ ಹೆಜ್ಜೇನಿಗೆ ಪ್ರಿಯ. ಅತ್ತರು ಹಚ್ಚಬೇಡಿ, ಹೊಗೆ ಮಾಡಬೇಡಿ, ತಗಡು ಬಡಿಯಬೇಡಿ, ಡ್ರೋನ್ ಹಾರಿಸಬೇಡಿ. ಎದ್ದರೆ ಕೈ ಬೀಸದೆ ಮುಖ ಮುಚ್ಚಿಕೊಂಡು ಕಾರಿಗೆ ಅಥವಾ ಬಾಗಿಲಿರುವ ಕೋಣೆಗೆ ಓಡಿ. ಓಡುವ ದಾರಿ ಮುಂಚೆಯೇ ನೋಡಿರಬೇಕು, ಇಲ್ಲವಾದರೆ ಜೇನಿನಿಂದ ತಪ್ಪಿಸಿಕೊಂಡು ಗುಂಡಿಗೆ ಬೀಳುತ್ತೀರಿ.

ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕೂ ಈ ಸೀಮೆಯಲ್ಲಿವೆ. ಗರಗಸಮಂಡಲ ಒಂದೆರಡು ಗೇಣು ಉದ್ದವಷ್ಟೇ, ಫರಸಿ ತುಂಡಿನ ಕೆಳಗೆ ಮಲಗಿರುತ್ತದೆ. ಕಾಣದ ಜಾಗಕ್ಕೆ ಕೈ ಹಾಕಬೇಡಿ, ಕಲ್ಲು ಮಗುಚಬೇಡಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ಗಡಿಯಾರ ತೆಗೆದು, ಕಚ್ಚಿದ ಕಾಲು ಅಥವಾ ಕೈಯನ್ನು ಕೋಲಿಗೆ ಸಡಿಲವಾಗಿ ಸುತ್ತಿ ಅಲುಗದಂತೆ ಮಾಡಿ, ನಡೆಸದೆ ಹೊತ್ತುಕೊಂಡು ಬನ್ನಿ. 108ಕ್ಕೆ ಕರೆ ಮಾಡಿ, ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಂಥ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ಹಾವನ್ನು ಹಿಡಿದು ತರಬೇಕಿಲ್ಲ, ನಾಲ್ಕಕ್ಕೂ ಒಂದೇ ಪ್ರತಿವಿಷ.

ದಾಖಲಿಸುವ ಕ್ರಮ

ಪ್ರತಿ ಕಟ್ಟಡಕ್ಕೆ ನಕ್ಷೆಯಲ್ಲಿ ಒಂದು ಸಂಖ್ಯೆ ಕೊಡಿ, ಕಲ್ಲು ಅಥವಾ ಕಾಳು ಹೋದ ಕ್ರಮದಲ್ಲೇ. ಒಳಗೆ ಹೋದ ತಕ್ಷಣ ಆ ಸಂಖ್ಯೆ ಬರೆದ ಚೀಟಿಯ ಫೋಟೊ ತೆಗೆಯಿರಿ, ಆಮೇಲಿನ ಚಿತ್ರಗಳೆಲ್ಲ ಆ ಕಟ್ಟಡದವು. ಸುರಕ್ಷಿತವಾದ ಮೂಲೆಗಳಿಂದ ಒಂದೊಂದು ಚಿತ್ರ, ಆಮೇಲೆ ಯಂತ್ರ, ಆಮೇಲೆ ಅದರ ಹೆಸರಿನ ಫಲಕ. ಫಲಕ ಸವೆದಿದ್ದರೆ ಉಜ್ಜಬೇಡಿ. ಟಾರ್ಚನ್ನು ಪಕ್ಕದಿಂದ, ಫಲಕಕ್ಕೆ ಹೆಚ್ಚುಕಡಿಮೆ ತಾಗಿಸಿ ಹಿಡಿದರೆ ಅಕ್ಷರದ ನೆರಳು ಬಿದ್ದು ಓದಬಹುದು. ತಯಾರಕರು, ಕ್ರಮಸಂಖ್ಯೆ, ವರ್ಷ, ಅಶ್ವಶಕ್ತಿ, ನಿಮಿಷಕ್ಕೆ ಸುತ್ತು: ಐದನ್ನೂ ಪುಸ್ತಕದಲ್ಲಿ ಕೈಯಿಂದ ಬರೆದುಕೊಳ್ಳಿ, ಫೋಟೊ ಮಸುಕಾಗಿರಬಹುದು. ಗೋಡೆಯ ಮೇಲಿನ ಸುರಕ್ಷತೆಯ ಬರಹ, ಪಾಳಿಯ ಪಟ್ಟಿ, ಸೀಮೆಸುಣ್ಣದ ಲೆಕ್ಕ ಕೂಡ ದಾಖಲೆಯೇ. ಕನ್ನಡ, ಉರ್ದು, ಮರಾಠಿ, ತೆಲುಗು ಯಾವ ಲಿಪಿಯಲ್ಲಿದೆ ಎಂಬುದೇ ಅಲ್ಲಿ ದುಡಿದವರು ಎಲ್ಲೆಲ್ಲಿಂದ ಬಂದವರೆಂದು ಹೇಳುತ್ತದೆ.

ಚಿಮಣಿಯ ಎತ್ತರ ಅಳೆಯಲು ಹತ್ತಬೇಕಿಲ್ಲ. ಸಮತಟ್ಟಾದ ನೆಲದಲ್ಲಿ 1 ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ನೆರಳು ಅಳೆಯಿರಿ. ಅದೇ ಐದು ನಿಮಿಷದೊಳಗೆ ಚಿಮಣಿಯ ನೆರಳಿನ ತುದಿಯಿಂದ ಬುಡದವರೆಗೆ ಅಳೆದು, ಬುಡದ ಅರ್ಧ ಅಗಲ ಕೂಡಿಸಿ. ಕೋಲಿನ ನೆರಳು 1.2 ಮೀಟರ್, ಚಿಮಣಿಯದು 52, ಬುಡದ ಅರ್ಧ ಅಗಲ 2 ಆದರೆ, 54ನ್ನು 1.2ರಿಂದ ಭಾಗಿಸಿ: 45 ಮೀಟರ್.

ಡ್ರೋನ್ ಬೇಕೆಂದರೆ ಮೊದಲು ಹಾರಾಟದ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ. ಬೀದರಿನಲ್ಲಿ ವಾಯುಪಡೆಯ ನೆಲೆಯಿದೆ, ಕಲಬುರಗಿಯಲ್ಲಿ 2019ರಿಂದ ವಿಮಾನ ನಿಲ್ದಾಣವಿದೆ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಎಷ್ಟು ಚಿಕ್ಕ ಡ್ರೋನೂ ಏಳಬಾರದು.

ಹೊರಬಂದ ಮೇಲೆ

ಗೇಟಿನಲ್ಲೇ ಎಣಿಕೆ ಮಾಡಿ, ಬೂಟು ಒದ್ದೆ ಬಟ್ಟೆಯಿಂದ ಒರೆಸಿ. ಹಾಕಿಕೊಂಡ ಬಟ್ಟೆಯನ್ನು ಝಾಡಿಸದೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮನೆಯಲ್ಲಿ ಮಕ್ಕಳ ಬಟ್ಟೆಯೊಡನೆ ಸೇರಿಸದೆ ಬೇರೆಯಾಗಿ ಒಗೆಯಿರಿ. ಬಾವಲಿ, ಪಾರಿವಾಳದ ಹಿಕ್ಕೆಯ ಧೂಳು ಕುಡಿದು ಬಂದಿದ್ದು, ಮುಂದಿನ ಕೆಲವು ವಾರಗಳಲ್ಲಿ ಜ್ವರ, ಕೆಮ್ಮು ಬಂದರೆ ವೈದ್ಯರಿಗೆ ಎಲ್ಲಿಗೆ ಹೋಗಿದ್ದಿರಿ ಎಂದು ಹೇಳಿ.

ಅದೇ ರಾತ್ರಿ ಚಿತ್ರಗಳನ್ನು ಎರಡು ಕಡೆ ಉಳಿಸಿ. ಹೆಸರಿನಲ್ಲಿ ದಿನಾಂಕ, ಕಟ್ಟಡದ ಸಂಖ್ಯೆ, ಯಂತ್ರ ಮೂರೂ ಇರಲಿ. ಜಾಲತಾಣಕ್ಕೆ ಹಾಕುವಾಗ ಫೋಟೊದೊಳಗಿನ ಸ್ಥಳದ ಮಾಹಿತಿ ಅಳಿಸಿ. ಮುರಿದ ಗೋಡೆ, ಉಳಿದ ಮೋಟಾರು, ತಾಮ್ರದ ಸುತ್ತು, ವಾಚ್‌ಮನ್ ಮುಖ ಇವನ್ನು ಹಾಕಲೇಬೇಡಿ. ಅನುಮತಿ ಕೊಟ್ಟವರಿಗೆ ಒಂದು ಪೂರ್ತಿ ಪ್ರತಿ ಕಳಿಸಿ, ಕಂಡ ಅಪಾಯಗಳ ಪಟ್ಟಿ ಬೇರೆಯೇ ಬರೆದುಕೊಡಿ. ನಕ್ಷೆ ಗೀರಿಕೊಟ್ಟ ಹಿರಿಯರಿಗೆ ಅವರು ನಿಂತು ದುಡಿದ ಜಾಗದ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸಿ, ಮನೆಗೆ ಹೋಗಿ ಕೊಡಿ. ಚಿತ್ರ ನೋಡಿ ‘ಇಲ್ಲೊಂದು ಬಾಗಿಲಾ ಇತ್ತಲ್ಲ’ ಅಂದರೆ ನಕ್ಷೆಯನ್ನು ಅಲ್ಲೇ ತಿದ್ದಿಕೊಳ್ಳಿ.